ಮಂಚದ ಪಕ್ಕದವರು

ಜೀಪಿಗೆ ಮೊದಲು ಹತ್ತುವುದು ಸಾಮಾನು, ಆಮೇಲೆ ಮನುಷ್ಯರು. ಗಾಳಿ ಹಾಸಿಗೆಯ ಪಂಪು, ಯಾರೋ ತೀರಿಕೊಂಡ ಮೇಲೆ ಮನೆಯವರು ತೊಳೆದು ಮರಳಿಸಿದ ವಾಕರ್, ದೊಡ್ಡವರ ಡೈಪರಿನ ಎರಡು ಕಟ್ಟು, ಕೊನೆಗೆ ನರ್ಸಿನ ನೀಲಿ ಬ್ಯಾಗು. ಬ್ಯಾಗಿನೊಳಗೆ ಕ್ಯಾತಿಟರು, ಮೂತ್ರದ ಚೀಲ, ಕೈಗವಸು, ಬೆಟಾಡಿನ್, ಸಲೈನ್ ಬಾಟಲಿ, ಬಿಪಿ ನೋಡುವ ಯಂತ್ರ, ಕತ್ತರಿ, ಅಂಚು ಸುರುಟಿದ ಒಂದು ನೋಟ್ ಪುಸ್ತಕ. ಕೇರಳದ ಕಾಸರಗೋಡಿನ ಮಂಜೇಶ್ವರ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಗಳ ಇದು. ಮುರಕಲ್ಲಿನ ಪಾಗಾರದ ಮೇಲೆ ಹಾವಸೆ, ಹಾವಸೆಯ ನಡುವೆ ಸೊಳ್ಳೆಯ ಬಗ್ಗೆ ಮಲಯಾಳದಲ್ಲೂ ಕನ್ನಡದಲ್ಲೂ ಬರೆಸಿದ ಎಚ್ಚರಿಕೆ. ರಾತ್ರಿ ಗುಡುಗಿನೊಂದಿಗೆ ಸುರಿದ ಹಿಂಗಾರು ಮಳೆ ಬೆಳಗಿನ ಹೊತ್ತಿಗೆ ಬಿಟ್ಟಿದೆ. "ಗುಡ್ಡದ ಮನೆಗೆ ಇವತ್ತು ಗಾಡಿ ಹತ್ತುವುದು ಸಂಶಯ" ಎಂದು ಡ್ರೈವರು ಗೊಣಗುತ್ತಾನೆ. "ಹತ್ತದಿದ್ದರೆ ನಡೆಯುವಾ" ಎಂದು ನರ್ಸು ಕೊಡೆ ಹುಡುಕುತ್ತಾರೆ.

ಈ ನರ್ಸು ಮೂಲದಲ್ಲಿ ಕಣ್ಣೂರಿನ ಕಡೆಯ ಮಲಯಾಳಿ. ಮದುವೆಯಾಗಿ ಇಲ್ಲಿಗೆ ಬಂದು ತುಳು ಕಲಿತರು. ಮನೆ ಮನೆ ತಿರುಗುತ್ತ ಹವ್ಯಕ ಕನ್ನಡ, ಬ್ಯಾರಿ, ಮರಾಠಿಯ ನಾಲ್ಕು ಮಾತು ಎಲ್ಲವೂ ನಾಲಿಗೆಗೆ ಹತ್ತಿದವು. ಹೆಚ್ಚೇನೂ ಬೇಡ, 'ನೋವು ಎಲ್ಲಿ', 'ಊಟ ಸೇರುತ್ತದಾ', 'ನಿದ್ರೆ ಬರುತ್ತದಾ' ಎಂದು ಕೇಳಲು ಬಂದರೆ ಅರ್ಧ ಕೆಲಸ ಆಯಿತು ಎನ್ನುತ್ತಾರೆ. ಜತೆಯಲ್ಲಿ ಆಶಾ ಕಾರ್ಯಕರ್ತೆ ಇದ್ದಾರೆ, ಸ್ವಯಂಸೇವಕರಾಗಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ವಾರ್ಡಿನ ಸದಸ್ಯೆ ಅರ್ಧ ದಾರಿಯಲ್ಲಿ ಸೇರಿಕೊಳ್ಳುತ್ತಾರಂತೆ. ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ಹೋಗಿ ನೋಡುವ ಈ ಸವಾರಿಗೆ ಸರ್ಕಾರಿ ಕಾಗದದಲ್ಲಿ ಉದ್ದನೆಯ ಹೆಸರಿದೆ. ಊರವರ ಬಾಯಲ್ಲಿ ಬರೀ 'ಪಾಲಿಯೇಟಿವ್'. "ಪಾಲಿಯೇಟಿವಿನವರು ಬಂದರು" ಎಂದು ಮಕ್ಕಳು ತೋಟದ ಬದಿಯಿಂದಲೇ ಕೂಗಿ ಮನೆಗೆ ಸುದ್ದಿ ಮುಟ್ಟಿಸುತ್ತಾರೆ.

ಮೊದಲ ಮನೆ ಅಡಕೆ ತೋಟದ ತಗ್ಗಿನಲ್ಲಿ. ಗುಡ್ಡ ಕೊರೆದ ಸುರಂಗದಿಂದ ಪೈಪಿನಲ್ಲಿ ಬಂದ ನೀರು ಸಿಮೆಂಟ್ ತೊಟ್ಟಿಗೆ ಸಣ್ಣಗೆ ಬೀಳುತ್ತಿದೆ. ಚಾವಡಿಯಲ್ಲಿ ಮಂಚ, ಮಂಚದ ಮೇಲೆ ಎಂಬತ್ತು ದಾಟಿದ ಯಜಮಾನರು. ಬಲಭಾಗ ಬಿದ್ದುಹೋಗಿ ಮೂರು ಮಳೆಗಾಲ ಕಳೆದಿದೆ. ಮಗ ಬೆಂಗಳೂರಿನಲ್ಲಿ, ಮಗಳು ಕಡಲಾಚೆ. ಇಬ್ಬರೂ ಗೋಡೆಯ ಮೇಲೆ ಮದುವೆಯ ಫೋಟೊದಲ್ಲಿ ನಗುತ್ತಿದ್ದಾರೆ. ಮನೆಯಲ್ಲಿ ಉಳಿದವರು ಅಜ್ಜ, ಅಜ್ಜಿ, ಹಟ್ಟಿಯಲ್ಲೊಂದು ದನ.

ನರ್ಸು ಮಂಚದ ಹತ್ತಿರ ಹೋಗಲಿಲ್ಲ. ಅಜ್ಜನಿಗೆ ದೂರದಿಂದಲೇ ಕೈಯೆತ್ತಿ ನಮಸ್ಕಾರ ಮಾಡಿ ಸೀದಾ ಅಡಿಗೆಮನೆಗೆ ನಡೆದರು, ಮಣೆ ಎಳೆದುಕೊಂಡು ಕೂತರು. ಅಜ್ಜಿ ಒಲೆಯ ಬುಡದಲ್ಲಿ ನಿಂತೇ ಇದ್ದಾರೆ.

"ರಾತ್ರಿ ಒರಕ್ಕು ಬತ್ತಾ?" ನರ್ಸು ಹವ್ಯಕ ಮಾತಿನಲ್ಲಿ ನಿದ್ರೆಯ ವಿಚಾರ ಕೇಳಿದರು.

"ಎನಗೆಂತ ಆಯಿದಿಲ್ಲೆ, ಅವರ ನೋಡಿ."

ನರ್ಸು ಏಳಲಿಲ್ಲ. ಬೆಲ್ಲದ ನೀರು ಕುಡಿದರು, ದನ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರು, ಕೊಳೆರೋಗಕ್ಕೆ ಉದುರಿದ ಅಡಕೆಯ ಲೆಕ್ಕ ಕೇಳಿದರು. ಅಷ್ಟರ ಮೇಲೆ ಒಂದೊಂದೇ ಹೊರಬಂತು. ರಾತ್ರಿ ಮೂರು ಸಲ ಏಳಬೇಕು. ಸೊಂಟ ಹಿಡಿದುಕೊಂಡಿದೆ. ಕಳೆದ ವಾರ ಬಚ್ಚಲಲ್ಲಿ ಜಾರಿದ್ದುಂಟು, ಮಗನಿಗೆ ಹೇಳಿಲ್ಲ, ಹೇಳಿದರೆ ಇಬ್ಬರನ್ನೂ ಬೆಂಗಳೂರಿಗೆ ಎತ್ತಿಕೊಂಡು ಹೋಗುತ್ತಾನೆ. ಬಿಪಿ ಪಟ್ಟಿಯನ್ನು ಮೊದಲು ಸುತ್ತಿದ್ದು ಅಜ್ಜಿಯ ತೋಳಿಗೆ. ಮೇಲಿನ ಅಂಕಿ 170 ದಾಟಿತ್ತು. ಅಜ್ಜಿಯ ಮಾತ್ರೆ ಮುಗಿದು ಬಹಳ ದಿನವಾಗಿದೆ. ಅಜ್ಜನ ಮಾತ್ರೆಯ ಡಬ್ಬಿ ಮಾತ್ರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಭಾಗವಾಗಿ ತುಂಬಿ ಕಿಟಕಿಯಲ್ಲಿ ಸಾಲಾಗಿ ಕೂತಿದೆ. "ಅವರದ್ದು ಒಂದು ದಿನವೂ ತಪ್ಪಿಸಲಿಲ್ಲ" ಎನ್ನುವಾಗ ಅಜ್ಜಿಯ ದನಿಯಲ್ಲಿ ಹೆಮ್ಮೆಯಿತ್ತು.

ಈ ಮಣೆ ಎಳೆದು ಕೂರುವ ಐದು ನಿಮಿಷವೇ ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯ ಜೀವ. ಆಸ್ಪತ್ರೆಯಲ್ಲಿ ರೋಗಿಗೆ ಕೇಸ್ ಶೀಟು ಇರುತ್ತದೆ, ಪಕ್ಕದಲ್ಲಿ ನಿಂತವಳಿಗೆ ಪ್ಲಾಸ್ಟಿಕ್ ಕುರ್ಚಿಯೂ ಸಿಗುವುದು ಕಷ್ಟ. ಇಲ್ಲಿ ನರ್ಸಿನ ನೋಟ್ ಪುಸ್ತಕದಲ್ಲಿ ಅಜ್ಜನ ಪುಟದಲ್ಲೇ ಅಜ್ಜಿಗೂ ಎರಡು ಸಾಲು ಇದೆ: ಬಿಪಿ ಇಷ್ಟು, ಬಿದ್ದಿದ್ದಾರೆ, ಮಾತ್ರೆ ಆಶಾ ಮೂಲಕ ಕಳಿಸಬೇಕು.

ಆಮೇಲೆ ಅಜ್ಜನ ಸರದಿ. ಮೇಷ್ಟ್ರು, ಆಶಾ ಕಾರ್ಯಕರ್ತೆ ಇಬ್ಬರೂ ಸೇರಿ ಅಡ್ಡ ಮಗ್ಗುಲಿಗೆ ತಿರುಗಿಸಿದರು. ಬೆನ್ನ ಕೆಳಗೆ, ಬಾಲದೆಲುಬು ಚರ್ಮಕ್ಕೆ ತಾಗುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಗಲ ಗಾಯ. ಒಂದೇ ಮಗ್ಗುಲಲ್ಲಿ ಹೊತ್ತುಗಟ್ಟಲೆ ಮಲಗಿದರೆ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿಬಿದ್ದ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಮೊದಲು ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಬಾಯಿ ಬಿಡುತ್ತದೆ. ಒದ್ದೆ ಬಟ್ಟೆ ಇದ್ದರೆ ಇನ್ನೂ ಬೇಗ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದು ಕೊಡುವುದು ಸುಲಭ. ಎಪ್ಪತ್ತರ ಅಜ್ಜಿ ತನಗಿಂತ ಭಾರದ ದೇಹವನ್ನು ಒಬ್ಬಳೇ ಹೊರಳಿಸುವುದು ಹೇಗೆ ಎಂದು ಆ ಚೀಟಿಯಲ್ಲಿ ಇರುವುದಿಲ್ಲ. ನರ್ಸು ತೋರಿಸಿಕೊಟ್ಟರು: ಮೊಣಕಾಲು ಮಡಚಬೇಕು, ಸೊಂಟದ ಕೆಳಗೆ ಮಡಿಚಿದ ಸೀರೆ ಹಾಕಬೇಕು, ದೇಹವನ್ನಲ್ಲ ಸೀರೆಯನ್ನು ಎಳೆಯಬೇಕು. ಅಜ್ಜಿಯ ಕೈಯಲ್ಲೇ ಮಾಡಿಸಿದರು. ಒಂದು ಸಲ ತಪ್ಪಿತು, ಎರಡನೆಯ ಸಲಕ್ಕೆ ಅಜ್ಜ ಬೊಂಬೆಯ ಹಾಗೆ ಹೊರಳಿದರು, ಅವರಿಗೇ ನಗು ಬಂತು.

ಗಾಯ ಕಟ್ಟುವ ಬಟ್ಟೆಗೂ ಇಲ್ಲಿ ಮನೆಮದ್ದಿನ ದಾರಿ. ಹಳೆಯ ಬಿಳಿ ಪಂಚೆಯನ್ನು ಒಗೆದು, ಅಂಗೈಯಗಲ ತುಂಡರಿಸಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಕುಕ್ಕರಿನ ಆವಿಯಲ್ಲಿ ಬೇಯಿಸಿದರೆ ಅದೇ ಗಾಜ್ ಬಟ್ಟೆ. ಕುದಿಸಿದ ಅರ್ಧ ಲೀಟರು ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ ಆರಿಸಿದರೆ ಗಾಯ ತೊಳೆಯುವ ನೀರು. ಪೇಟೆಯ ಮೆಡಿಕಲ್ ಶಾಪಿನ ಬಿಲ್ಲು ಉಳಿಯಿತು. ಇನ್ನೊಂದೂ ತಪ್ಪಿತು, ಅದು ಬಿಲ್ಲಿಗಿಂತ ದೊಡ್ಡದು: ನರ್ಸು ಬಾರದ ದಿನ ಏನು ಗತಿ ಎಂಬ ಹೆದರಿಕೆ. ಮಗ್ಗುಲು ಬದಲಿಸುವ ಹೊತ್ತು ಮರೆಯದಿರಲು ಅಜ್ಜಿ ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಮಂಗಳೂರು ಆಕಾಶವಾಣಿ ಹಾಕಿಟ್ಟು, ವಾರ್ತೆಗೆ ಎಡ ಮಗ್ಗುಲು, ಚಿತ್ರಗೀತೆಗೆ ಬಲ ಮಗ್ಗುಲು ಎಂದು ಗೊತ್ತು ಮಾಡಿಕೊಂಡಿದ್ದಾರೆ.

ಇದೆಲ್ಲ ಆರಂಭವಾದದ್ದು ಇಲ್ಲಿಂದ ದೂರ ತೆಂಕಣಕ್ಕೆ, ಕೋಯಿಕ್ಕೋಡಿನಲ್ಲಿ. 1993ರಲ್ಲಿ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಸೇರಿ ಪೈನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಮೊದಲ ಗುರಿ ಕ್ಯಾನ್ಸರಿನ ನೋವು. ನೋವಿಗೆ ಬೇಕಾದ ಮಾರ್ಫಿನ್ 1985ರ ಮಾದಕವಸ್ತು ಕಾಯಿದೆಯ ಬಿಗಿಯಲ್ಲಿ ಸಿಕ್ಕಿಬಿದ್ದಿತ್ತು. ಆ ಕಾಯಿದೆ ಸಡಿಲಾಗಲು 2014ರವರೆಗೆ ಕಾಯಬೇಕಾಯಿತು. ರಾಜಗೋಪಾಲ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆದರೆ ಕಥೆಯ ತಿರುವು ಇರುವುದು ಮಾರ್ಫಿನ್ನಿನಲ್ಲಲ್ಲ. ಕ್ಲಿನಿಕ್ಕಿಗೆ ಬರಲಾರದವರೇ ಹೆಚ್ಚು ಎಂಬುದು ಈ ವೈದ್ಯರಿಗೆ ಬೇಗ ಗೊತ್ತಾಯಿತು. ಮನೆಗೆ ಹೋಗಿ ನೋಡಿದರೆ ರೋಗಿಯ ಗೋಳಿನಲ್ಲಿ ಔಷಧಿಗೆ ಸಂಬಂಧಪಟ್ಟದ್ದು ಸ್ವಲ್ಪವೇ. ಅಕ್ಕಿ ಮುಗಿದಿದೆ, ಮಗನ ಶಾಲೆ ನಿಂತಿದೆ, ನೋಡಿಕೊಳ್ಳುವವಳು ಕೂಲಿ ಬಿಟ್ಟಿದ್ದಾಳೆ, ನೆಂಟರು ಬರುವುದು ನಿಲ್ಲಿಸಿದ್ದಾರೆ. ಇದಕ್ಕೆ ಡಾಕ್ಟರು ಬರೆದು ಕೊಡುವ ಚೀಟಿ ಯಾವುದು?

ಉತ್ತರ ಸಿಕ್ಕಿದ್ದು ಮಲಪ್ಪುರದಲ್ಲಿ, ಸುಮಾರು 2000ದ ಹೊತ್ತಿಗೆ. ನೆರೆಕರೆಯವರನ್ನೇ ಕರೆದು ತರಬೇತಿ ಕೊಟ್ಟರು: 16 ಗಂಟೆಯ ಪಾಠ, ಅದರ ಮೇಲೆ ನಾಲ್ಕು ದಿನ ರೋಗಿಗಳ ನಡುವೆ ಓಡಾಟ. ಪಾಠದಲ್ಲಿ ಮುಖ್ಯವಾಗಿದ್ದದ್ದು ಗಾಯ ಕಟ್ಟುವುದಕ್ಕಿಂತ ಮಾತು ಕೇಳಿಸಿಕೊಳ್ಳುವುದು. 'ನೆರೆಹೊರೆಯ ಜಾಲ' ಎಂಬ ಅರ್ಥದ ಹೆಸರಿನಲ್ಲಿ ಅದು ಹಬ್ಬಿತು. ಅಂಗಡಿಯ ಗಲ್ಲಾದ ಮೇಲೆ ಕಾಣಿಕೆ ಡಬ್ಬಿ ಬಂತು. ಶಾಲೆಯ ಮಕ್ಕಳು ಚಿಲ್ಲರೆ ಕೂಡಿಸಿದರು. ಮೀನು ಮಾರುವವರು, ಬಸ್ಸಿನವರು, ಗಲ್ಫಿನಿಂದ ರಜೆಗೆ ಬಂದವರು ಕೈ ಹಾಕಿದರು. ದೊಡ್ಡ ದಾನಿಗಳನ್ನು ಹುಡುಕದೆ ಸಣ್ಣ ಸಣ್ಣ ಕಾಸನ್ನು ಬಹಳ ಜನರಿಂದ ಪಡೆದದ್ದರಿಂದ ಒಂದು ಉಪಕಾರವಾಯಿತು. ಡಬ್ಬಿಗೆ ಐದು ರೂಪಾಯಿ ಹಾಕಿದವನು 'ನಮ್ಮ ಪಾಲಿಯೇಟಿವ್ ಹೇಗೆ ನಡೆಯುತ್ತಿದೆ' ಎಂದು ಕೇಳುವ ಹಕ್ಕುದಾರನಾದ.

ನೆಲವೂ ಹದವಾಗಿತ್ತು. ಗಲ್ಫ್ ದುಡಿಮೆಯಿಂದ ಮನೆಗಳು ದೊಡ್ಡದಾಗಿ, ಮನೆಮಂದಿ ಕಡಿಮೆಯಾದ ನಾಡು ಅದು. 2011ರ ಜನಗಣತಿಯಲ್ಲಿ ದೇಶದ ಜನರಲ್ಲಿ ಅರವತ್ತು ದಾಟಿದವರು ಶೇ. 8.6 ಇದ್ದರೆ ಕೇರಳದಲ್ಲಿ ಶೇ. 12.6. ಕ್ಯಾನ್ಸರಿಗೆಂದು ತೊಡಗಿದ ಜಾಲದೊಳಗೆ ಪಾರ್ಶ್ವವಾಯುವಿನವರು, ಮರೆವಿನವರು, ಸುಮ್ಮನೆ ಮುಪ್ಪಿನಿಂದ ಹಾಸಿಗೆ ಹಿಡಿದವರು ತಾವಾಗಿ ಬಂದು ಸೇರಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. 1996ರ ಜನಕೀಯ ಯೋಜನೆಯಿಂದ ಪಂಚಾಯಿತಿಗಳ ಕೈಗೆ ಆಗಲೇ ನಿಜವಾದ ದುಡ್ಡು ಬಂದಿತ್ತು. ನರ್ಸಿನ ಸಂಬಳ, ಜೀಪಿನ ಬಾಡಿಗೆ, ಗಾಯದ ಸಾಮಾನು ಪಂಚಾಯಿತಿಯ ಲೆಕ್ಕಕ್ಕೆ ಸೇರಿದವು. 2010ರಲ್ಲಿ ಬದುಕಿನ ಕೊನೆಯ ಆರೈಕೆಯ ಗುಣಮಟ್ಟದ ಮೇಲೆ 40 ದೇಶಗಳನ್ನು ತೂಗಿದ ಎಕನಾಮಿಸ್ಟ್ ಬಳಗದ ವರದಿಯಲ್ಲಿ ಭಾರತ ಕಟ್ಟಕಡೆಯಲ್ಲಿತ್ತು. ದೇಶದ ಜನಸಂಖ್ಯೆಯ ಶೇ. 3ರಷ್ಟಿರುವ ಕೇರಳವೊಂದೇ ದೇಶದ ಇಂಥ ಆರೈಕೆಯ ಮೂರರಲ್ಲಿ ಎರಡು ಪಾಲನ್ನು ನೀಡುತ್ತಿದೆ ಎಂದೂ ಅದೇ ವರದಿ ಬರೆದಿತ್ತು.

ಜೀಪು ಗುಡ್ಡ ಹತ್ತಲಿಲ್ಲ. ಡ್ರೈವರಿಗೆ ತನ್ನ ಮಾತು ನಿಜವಾದ ಸಂತೋಷ. ಕೆಸರು ದಾರಿಯಲ್ಲಿ ನಡೆದು ಹೋದರೆ ನಾಲ್ಕು ಸೆಂಟ್ಸ್ ಜಾಗದ ಕಾಲನಿ ಮನೆ. ಜಗಲಿಯಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸು ಬೀಡಿ ಕಟ್ಟುತ್ತಿದ್ದಾಳೆ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ. ಒಳಗಿನಿಂದ ತಾಯಿ ಕರೆಯುತ್ತಲೇ ಇರುತ್ತಾರೆ. ಮರೆವಿನ ಕಾಯಿಲೆ. ಕರೆಯುವುದು ಮಗಳ ಹೆಸರನ್ನಲ್ಲ, ಎಂದೋ ತೀರಿಹೋದ ತಂಗಿಯ ಹೆಸರನ್ನು. ಮಗಳು ಆ ಹೆಸರಿಗೇ "ಬತ್ತೆ, ಬತ್ತೆ" ಎಂದು ಓಗೊಡುತ್ತಾಳೆ, ಕೈ ನಿಲ್ಲುವುದಿಲ್ಲ. ಹೀಗೆ ಎದ್ದು ಕೂತು ಮಾಡುವುದರಲ್ಲಿ ದಿನದ ಬೀಡಿ ಮೊದಲಿನ ಅರ್ಧಕ್ಕೆ ಇಳಿದಿದೆ. ಗಂಡ ಇಲ್ಲ. ತಮ್ಮಂದಿರಿದ್ದಾರೆ, ಹಬ್ಬಕ್ಕೆ ಬಂದು ಅಮ್ಮನ ಕೈಹಿಡಿದು ಅತ್ತು ಹೋಗುತ್ತಾರೆ.

"ನಿದ್ರೆ ಬರ್ಪುಂಡಾ?" ನರ್ಸು ಇಲ್ಲಿ ತುಳುವಿಗೆ ತಿರುಗಿದರು.

ಹೆಂಗಸು ನಕ್ಕಳು. ಆಮೇಲೆ ಬಲಗೈಯನ್ನು ಮುಂದೆ ಚಾಚಿದಳು. ಹೆಬ್ಬೆರಳಿನಿಂದ ಭುಜದವರೆಗೆ ಜುಮ್ಮೆನ್ನುತ್ತದೆ, ರಾತ್ರಿ ತಾಯಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾರೆಂದು ತನ್ನ ಸೆರಗಿನ ತುದಿಯನ್ನು ಅವರ ಸೊಂಟಕ್ಕೆ ಕಟ್ಟಿಕೊಂಡು ಮಲಗುತ್ತಾಳೆ, ಅವರು ಮಿಸುಕಿದರೆ ಇವಳಿಗೆ ಎಚ್ಚರ. ಆಶಾ ಕಾರ್ಯಕರ್ತೆ ಬಾಗಿಲಿಗೆ ಕಟ್ಟಲೆಂದು ಗಂಟೆಯೊಂದನ್ನು ತಂದಿದ್ದರು, ದನದ ಕೊರಳಿನದ್ದು. ಮೇಷ್ಟ್ರು ಮೊಳೆ ಹೊಡೆದು ತೂಗುಹಾಕಿದರು, ಬಾಗಿಲು ತೆಗೆದು ಹಾಕಿ ಸದ್ದು ಕೇಳಿಸಿ ನೋಡಿದರು. ಹೈಟೆಕ್ ಸಾಧನಗಳ ಜಾಹೀರಾತು ಓದುವ ನಮಗೆ ಇದು ನಗೆಪಾಟಲು ಅನ್ನಿಸಬಹುದು. ಅವಳಿಗೆ ಅದು ಒಂದು ರಾತ್ರಿಯ ನಿದ್ರೆ.

ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ಪೂರಾ ಹೊತ್ತು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಎಂಬ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇದೆ. ರೋಗಿಗಲ್ಲ, ನೋಡಿಕೊಳ್ಳುವವರಿಗೆ. 600 ರೂಪಾಯಿಗೆ ಇವತ್ತು ಎಷ್ಟು ಡೈಪರ್ ಬರುತ್ತದೆ ಎಂದು ಕೇಳಿದರೆ ಯಾರೂ ಉತ್ತರ ಹೇಳಲಾರರು. ಅದೂ ತಿಂಗಳುಗಟ್ಟಲೆ ಬಾಕಿ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಆದರೂ ಮನೆಯ ಹೆಂಗಸು ತನ್ನವರನ್ನು ನೋಡಿಕೊಳ್ಳುವುದು ಬಿಟ್ಟಿ ಚಾಕರಿಯಲ್ಲ, ಲೆಕ್ಕಕ್ಕೆ ಬರುವ ದುಡಿಮೆ ಎಂದು ಒಂದು ಸರ್ಕಾರ ಕಾಗದದಲ್ಲಾದರೂ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಅರ್ಜಿ ಮಾತ್ರ ಮಲಯಾಳದಲ್ಲಿದೆ. ಈಕೆ ಓದಿದ್ದು ಕನ್ನಡ ಶಾಲೆ. ಮೇಷ್ಟ್ರು ಕನ್ನಡಕ ಏರಿಸಿ, ಜಗಲಿಯ ಅಂಚಿನಲ್ಲಿ ಕೂತು ತುಂಬಿಸತೊಡಗಿದರು. ಡ್ರೆಸ್ಸಿಂಗು ನರ್ಸಿನದ್ದು, ಅರ್ಜಿ ನನ್ನದು ಎಂದು ಅವರು ಕೆಲಸ ಹಂಚಿಕೊಂಡಿದ್ದಾರೆ. 1956ರಲ್ಲಿ ರಾಜ್ಯಗಳ ಗಡಿ ಎಳೆದ ಮೇಲೆ ಇಲ್ಲಿನ ಕನ್ನಡಿಗರಿಗೆ ಅಂಟಿಕೊಂಡ ಪಾಡು ಇದು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ನೂರು ವರ್ಷ ಬಾಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯವರೆಗೂ ಹಂಬಲಿಸಿದರು. ಆ ಹಂಬಲ ನ್ಯಾಯವಾದದ್ದೇ. ಆದರೆ ಅದೇ ನೆಲದ ಒಬ್ಬ ಮುದುಕಿಯ ಬಾಗಿಲಿಗೆ ಈ ಗಂಟೆ ಕಟ್ಟಲು ಬಂದದ್ದು ಕೇರಳದ ಪಂಚಾಯಿತಿ ಎಂಬುದನ್ನೂ ಮುಚ್ಚಿಡುವಂತಿಲ್ಲ.

ಮೂರನೆಯ ಮನೆಯ ಬಗ್ಗೆ ಬರೆಯುವುದೋ ಬೇಡವೋ ಎಂದು ಅನುಮಾನಿಸಿದೆ. ಹಿರಿಯರ ಆರೈಕೆ ಎಂದಾಗ ನಾವು ಮಲಗಿದವರು ಹಿರಿಯರು, ನೋಡುವವರು ಕಿರಿಯರು ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಿಲ್ಲ. ಚಾಪೆಯ ಮೇಲೆ ಮಲಗಿದವನಿಗೆ ನಲವತ್ತರ ಹತ್ತಿರ. ಮಾತಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ. ಹಿಂಡಿಯ ಹಾಗೆ ಹಿಸುಕಿದ ಗಂಜಿಯನ್ನು ಚಮಚದಲ್ಲಿ ತುಟಿಗೆ ಹಿಡಿಯುತ್ತಿರುವ ತಾಯಿಗೆ ಎಪ್ಪತ್ತೆರಡು. ಸರ್ಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳು ಈ ಗುಡ್ಡಸಾಲಿನಲ್ಲೇ ಇವೆ. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಪಟ್ಟಿ ಇಟ್ಟುಕೊಂಡು ಮೊದಲು ದನಿಯೆತ್ತಿದ್ದು, ಪತ್ರಕರ್ತ ಶ್ರೀಪಡ್ರೆ ಬರೆದದ್ದು, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿದ್ದು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿದ್ದು, ಕನ್ನಡ ಓದುಗರಿಗೆ ಹೊಸತಲ್ಲ. ಪರಿಹಾರದ ಸುದ್ದಿ ಬರುವಾಗ ಬಿಟ್ಟುಹೋಗುವುದು ಒಂದೇ ವಿವರ: ಆ ಮಕ್ಕಳ ತಾಯಂದಿರು ಈಗ ಮುದುಕಿಯರು.

ನರ್ಸು ಹುಡುಗನ ಎದೆ ಕೇಳಿಸಿಕೊಂಡರು, ಅಪಸ್ಮಾರದ ಮಾತ್ರೆ ಎಣಿಸಿದರು. ತಾಯಿಯ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಉಚಿತ, ಕ್ಯಾಂಪಿಗೆ ಕರೆದೊಯ್ಯಲು ಗಾಡಿಯೂ ಇದೆ. ಮೂರು ಸಲ ದಿನ ಗೊತ್ತಾಗಿ ಮೂರು ಸಲವೂ ಆಕೆ ಹೋಗಿಲ್ಲ. "ಇವನನ್ನು ಯಾರ ಕೈಯಲ್ಲಿ ಬಿಡಲಿ?" ಎಂದರು. ಒಂದು ದಿನದ ಮಾತಾದರೆ ಸ್ವಯಂಸೇವಕರು ಕೂರಬಹುದು. ಆಕೆಯ ಕೊನೆಯ ಪ್ರಶ್ನೆ ಒಂದು ದಿನದ್ದಲ್ಲ, ತನ್ನ ನಂತರದ್ದು. ಅದಕ್ಕೆ ಜೀಪಿನಲ್ಲಿ ಬಂದ ಯಾರ ಬಳಿಯೂ ಉತ್ತರ ಇರಲಿಲ್ಲ, ಇದೆ ಎಂದು ಯಾರೂ ನಟಿಸಲೂ ಇಲ್ಲ. ಕಣ್ಣಿನ ಕ್ಯಾಂಪಿನ ದಿನಾಂಕ ನಾಲ್ಕನೆಯ ಸಲ ಬರೆದುಕೊಂಡರು.

ಆಮೇಲಿನ ಮನೆಗಳು ಬೇಗ ಬೇಗ ಮುಗಿದವು. ಹೆದ್ದಾರಿಯ ಬದಿಯ ಬ್ಯಾರಿ ಮನೆಯಲ್ಲಿ ದುಬೈನ ಮಗ ಕಳಿಸಿದ ರಿಮೋಟಿನ ಮಂಚ ಇತ್ತು, ಕರೆಂಟು ಇರಲಿಲ್ಲ. ಇನ್ನೊಂದು ಮನೆಯಲ್ಲಿ ಕ್ಯಾತಿಟರು ಬದಲಿಸುವಾಗ ಅಜ್ಜ ಯಕ್ಷಗಾನದ ಅರ್ಥಗಾರಿಕೆಯ ಧಾಟಿಯಲ್ಲಿ ನರ್ಸನ್ನು ಬೈದರು, ಆಕೆ ಅಷ್ಟೇ ಗತ್ತಿನಿಂದ ಮರುಮಾತಾಡಿದರು. ಒಂದು ಮನೆಗೆ ಬೀಗ. ಹಿಂದಿನ ದಿನವೇ ಕರೆದೊಯ್ದರಂತೆ, ಮಂಗಳೂರಿಗೆ.

ಮಂಗಳೂರು ಎಂಬ ಹೆಸರು ಇಲ್ಲಿ ಪ್ರತಿ ಮನೆಯಲ್ಲೂ ಬರುತ್ತದೆ. ದೊಡ್ಡ ಕಾಯಿಲೆಗೆಲ್ಲ ಗಡಿಯ ತಲಪಾಡಿ ದಾಟಿಯೇ ಹೋಗಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಭಯಕ್ಕೆ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳು ವಾಪಸಾದವು, ದಾರಿ ಸಿಗದೆ ಜನ ಸತ್ತರು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ದಿನಗಳಲ್ಲಿ ಈ ನೀಲಿ ಬ್ಯಾಗಿನ ಭಾರ ಎಷ್ಟು ಹೆಚ್ಚಿತ್ತು ಎಂದು ಕೇಳಿದರೆ ನರ್ಸು ಕೈಯಾಡಿಸಿ ಬೇರೆ ಮಾತಿಗೆ ಹೋಗುತ್ತಾರೆ.

ಗಡಿಯ ಆಚೆ, ನಮ್ಮ ಕಡೆ, ಏನೂ ಇಲ್ಲ ಎಂದಲ್ಲ. 1994ರಲ್ಲಿ ಹುಟ್ಟಿದ ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರಿನ ಕೊನೆಯ ಹಂತದವರಿಗೆ ಕಾಸು ಕೇಳದೆ ಆಸರೆ ಕೊಡುತ್ತಿದೆ. 1998ರಲ್ಲಿ ತೊಡಗಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗೆ ಹಗಲಿನ ಆರೈಕೆ ಕೇಂದ್ರ ನಡೆಸಿತು. ಪೊಲೀಸರೊಂದಿಗೆ ಸೇರಿ ಹಿರಿಯರ ಸಹಾಯವಾಣಿ 1090 ಕಟ್ಟಿದ್ದೂ ಅದೇ. ದೇಶಕ್ಕೆಲ್ಲ ಈಗ 14567 ಎಂಬ ಸಂಖ್ಯೆಯಿದೆ. ಇವೆಲ್ಲ ಒಳ್ಳೆಯವೇ. ಆದರೆ ಬಹುಪಾಲು ಒಂದೊಂದು ಸಂಸ್ಥೆಯ ಛಲದಿಂದ ನಿಂತವು, ನಗರದಲ್ಲಿ ನಿಂತವು. ವಿಟ್ಲದ ಕಡೆಯ ಒಂದು ಹಳ್ಳಿಯಲ್ಲಿ ಇದೇ ಅಜ್ಜ, ಇದೇ ಅಜ್ಜಿ, ಇದೇ ನಾಣ್ಯದಗಲದ ಗಾಯ ಇದೆ ಎಂದುಕೊಳ್ಳಿ. ಫೋನು ಮಾಡಬಹುದು. ಜೀಪು ಬರುವುದಿಲ್ಲ. ಹಾಸಿಗೆ ಹಿಡಿದವರ ಮನೆಗೆ ನರ್ಸನ್ನು ಕಳಿಸುವುದು ರಸ್ತೆ, ನೀರು, ದೀಪದಷ್ಟೇ ತನ್ನ ಕೆಲಸ ಎಂದು ಗ್ರಾಮ ಪಂಚಾಯಿತಿ ಅಂದುಕೊಳ್ಳುವುದು ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ, ಭಜನಾ ಮಂಡಳಿ, ಯುವಕ ಮಂಡಲಗಳಿವೆ. ಬಡ ಹುಡುಗಿಯ ಮದುವೆಗೆ, ಕ್ರಿಕೆಟ್ ಟೂರ್ನಿಗೆ, ಬ್ರಹ್ಮಕಲಶೋತ್ಸವಕ್ಕೆ ವಾರದಲ್ಲಿ ಲಕ್ಷ ಕೂಡಿಸುವ ಊರುಗಳಿವೆ. ಹಾಗಿದ್ದೂ ಹಾಸಿಗೆ ಹಿಡಿದ ಮುಪ್ಪು ಮಾತ್ರ ಆಯಾ ಮನೆಯ ಸೊಸೆಯ ಹಣೆಬರಹ ಎಂದು ನಾವು ಹೇಗೆ ತೀರ್ಮಾನಿಸಿದೆವು?

ಕೇರಳದ್ದನ್ನು ಸ್ವರ್ಗ ಮಾಡಬೇಕಾಗಿಲ್ಲ. ಒಬ್ಬ ನರ್ಸಿಗೆ ಒಂದಿಡೀ ಪಂಚಾಯಿತಿ, ಎಷ್ಟೋ ಮನೆಗಳಿಗೆ ತಿಂಗಳಿಗೊಂದೇ ಸಲ. ಕ್ಯಾತಿಟರು ಬದಲಿಸುವುದರಲ್ಲೇ ಹೊತ್ತು ಮುಗಿದು ಅಡಿಗೆಮನೆಯ ಮಣೆ ಎಳೆಯಲು ಸಮಯ ಸಿಗದ ದಿನಗಳೂ ಇವೆ ಎಂದು ನರ್ಸೇ ಒಪ್ಪುತ್ತಾರೆ. ಮೊದಲ ಹುರುಪಿನ ಸ್ವಯಂಸೇವಕರಿಗೆ ಈಗ ವಯಸ್ಸಾಗಿದೆ, ಹೊಸಬರು ವಾಟ್ಸಾಪಿನಲ್ಲಿ ಹೆಚ್ಚು, ಗುಡ್ಡದ ದಾರಿಯಲ್ಲಿ ಕಡಿಮೆ. ಪಕ್ಷಗಳೂ ತಮ್ಮ ತಮ್ಮ ಪಾಲಿಯೇಟಿವ್ ಘಟಕ ಕಟ್ಟಿಕೊಂಡು, ಒಂದೇ ಮನೆಗೆ ಎರಡು ಗಾಡಿ ಬಂದು ಇನ್ನೊಂದು ಮನೆಗೆ ಒಂದೂ ಬಾರದ ತಮಾಷೆಯೂ ನಡೆಯುತ್ತದೆ. ಮತ್ತೆ, ನೋಡಿಕೊಳ್ಳುವವರ ಕೈ ಹಗುರ ಮಾಡಲು ಬಂದವರೂ ಬಹುತೇಕ ಹೆಂಗಸರೇ: ನರ್ಸು, ಆಶಾ, ಸದಸ್ಯೆ. ಗಂಡಸರು ಜೀಪು ಓಡಿಸುತ್ತಾರೆ, ಅರ್ಜಿ ತುಂಬುತ್ತಾರೆ, ಸಭೆಯ ಅಧ್ಯಕ್ಷತೆ ವಹಿಸುತ್ತಾರೆ.

ಸಂಜೆಯ ಸಭೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ. ಟ್ಯೂಬ್‌ಲೈಟು, ಕಟ್ಟಂಚಾಯ, ಅವಲಕ್ಕಿ. ಅಧ್ಯಕ್ಷತೆ ಮೇಷ್ಟ್ರದ್ದೇ. ಮೊದಲ ವಿಷಯ ಬೀಡಿ ಕಟ್ಟುವ ಹೆಂಗಸಿನ ಕೋರಿಕೆ. ಅಕ್ಕನ ಮಗಳ ಮದುವೆ ಪುತ್ತೂರಿನಲ್ಲಿ, ಬರುವ ಭಾನುವಾರ. ಆಕೆ ಮನೆ ಬಿಟ್ಟು ಹೊರಗೆ ಹೋಗದೆ ಎರಡು ವರ್ಷವಾಗಿದೆ. ತಾಯಿಯ ಹತ್ತಿರ ಯಾರು ಕೂರುವುದು?

ಕಾಲೇಜಿನ ಹುಡುಗನೊಬ್ಬ ಕೈಯೆತ್ತಿದ. "ನೀನು ಬೇಡ, ಅವರಿಗೆ ಬಟ್ಟೆ ಬದಲಿಸಬೇಕಾಗುತ್ತದೆ" ಎಂದು ಸದಸ್ಯೆ ತಡೆದರು. ಅವನನ್ನು ಬಾಗಿಲಲ್ಲಿ ಕೂರಿಸೋಣ, ತಾಯಿ ಹೊರಗೆ ಹೊರಟರೆ ಜತೆಗೆ ಒಂದು ಸುತ್ತು ನಡೆಸಿಕೊಂಡು ಬರಲಿ ಎಂದಾಯಿತು. ಒಳಗೆ ಕೂರಲು ಇಬ್ಬರು ಹೆಂಗಸರು ಒಪ್ಪಿದರು, ಮಧ್ಯಾಹ್ನದವರೆಗೆ ಒಬ್ಬರು, ಆಮೇಲೆ ಆಶಾ ಕಾರ್ಯಕರ್ತೆಯ ನಾದಿನಿ. ಯಾವ ಹೆಸರಿನಿಂದ ಕರೆದರೂ "ಬತ್ತೆ" ಎನ್ನಬೇಕೆಂದು ನರ್ಸು ಇಬ್ಬರಿಗೂ ಹೇಳಿಕೊಟ್ಟರು. ವಾಪಸು ಬರುವ ಬಸ್ಸಿನ ವಿಚಾರಕ್ಕೆ ಸ್ವಲ್ಪ ಗಲಾಟೆಯಾಯಿತು. ಊಟ ಮುಗಿಸಿ ಮೂರಕ್ಕೆ ಹೊರಟರೆ ಆರಕ್ಕೆ ಮನೆ ಸೇರಬಹುದು ಎಂದು ಒಬ್ಬರ ಲೆಕ್ಕ.

"ಮೂರಕ್ಕೆ ಯಾಕೆ ಹೊರಡಬೇಕು?" ಎಂದರು ಆ ನಾದಿನಿ. "ಮದುಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟೇ ಬರಲಿ. ನಾನು ರಾತ್ರಿ ಅಲ್ಲೇ ಮಲಗುತ್ತೇನೆ. ಅವಳಿಗೆ ಅವಸರ ಮಾಡಬೇಡಿ ಅಂತ ಹೇಳಿ."

ಮೇಷ್ಟ್ರು ಅದನ್ನು ಬರೆದುಕೊಂಡು, ಜನವರಿ 15ರ ಪಾಲಿಯೇಟಿವ್ ದಿನಕ್ಕೆ ರೋಗಿಗಳನ್ನು ಕಡಲತೀರಕ್ಕೆ ಕರೆದೊಯ್ಯುವ ಬಸ್ಸಿನ ಬಾಡಿಗೆ ಯಾರು ಕೊಡುವುದು ಎಂಬ ಎರಡನೆಯ ವಿಷಯಕ್ಕೆ ಬಂದರು.